ಅಪ್ಪನ ಪುಲ್ಲರ್

ತಮ್ಮಾ,

ಅಪ್ಪನ ಮೋಟರ್‌ಸೈಕಲ್ಲಿನ ಎಂಜಿನ್ನಿಂದ ಕೀಳಲು ಮೂರು ದಿನ ನೀನು ಸುತ್ತಿಗೆಯಲ್ಲಿ ಬಡಿದೆಯಲ್ಲ, ಆ ಫ್ಲೈವೀಲ್ ಚಕ್ರ ಊಟದ ಮೇಜಿನ ಮೇಲಿದೆ. ಬೆಳಿಗ್ಗೆ ನೀನು ಗೊರಕೆ ಹೊಡೆಯುತ್ತಿದ್ದಾಗ ಬಿಚ್ಚಿಟ್ಟೆ. ಹತ್ತು ನಿಮಿಷ ಹಿಡಿಯಿತು. ಅದರಲ್ಲಿ ಐದು ನಿಮಿಷ ನೀನು ಹಾಳು ಮಾಡಿದ ತಿರುಪಿನ ಥ್ರೆಡ್ ಸರಿಮಾಡುವುದಕ್ಕೇ ಹೋಯಿತು.

ಅದನ್ನು ಬಡಿದು ಬಿಚ್ಚುವುದಲ್ಲ, ಎಳೆದು ಬಿಚ್ಚುವುದು. ಅದಕ್ಕೆಂದೇ ಪುಲ್ಲರ್ ಇರುವುದು. ಅಪ್ಪ ಹೋಗುವಾಗ ಗಾಡಿ ನಿನಗೆ ಕೊಟ್ಟರು, ಪುಲ್ಲರ್ ನನಗೆ ಕೊಟ್ಟರು. ಯಾಕೆ ಅಂತ ನೀನು ಯೋಚಿಸಿಲ್ಲ. ಯೋಚಿಸಿ ನಿನಗೆ ಅಭ್ಯಾಸವೂ ಇಲ್ಲ.

ತಿರುಗಿ ಜೋಡಿಸುವ ಆತುರ ಬೇಡ. ಆ ಚಕ್ರ ಕೂರುವ ಒಳಗಿನ ಶಾಫ್ಟ್ ಬಗ್ಗಿದೆ. ಗಾಡಿ ನಿನಗಿಂತ ಇಪ್ಪತ್ತು ವರ್ಷ ದೊಡ್ಡದು, ಅದರ ಶಾಫ್ಟ್ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ತುಕ್ಕು ಹಿಡಿದಿತ್ತು ಅಂತ ಅಮ್ಮನ ಹತ್ತಿರ ರಾಗ ಎಳೆಯಬೇಡ. ಕೈಲಾಗದವ ಮೈ ಪರಚಿಕೊಂಡ ಅನ್ನುವುದು ಅವಳಿಗೂ ಗೊತ್ತು.

ಮೇಜು ಒರೆಸು. ಆ ಎಣ್ಣೆ ಬಟ್ಟೆಯನ್ನು ನನ್ನ ಬಟ್ಟೆಗಳ ಜೊತೆ ನೆನೆಹಾಕಬೇಡ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೋ.

ಇನ್ನೊಂದು ಮಾತು. ಶಾಫ್ಟ್ ಬಗ್ಗಿದ್ದು ಮೊದಲನೇ ದಿನ, ನಾಲ್ಕನೇ ಪೆಟ್ಟಿಗೆ. ಶಬ್ದ ಬದಲಾಗಿದ್ದು ಗೋಡೆಯಾಚೆ ನನಗೆ ಕೇಳಿಸಿತು. ಆಗ ಪುಲ್ಲರ್ ನನ್ನ ತೊಡೆಯ ಮೇಲೇ ಇತ್ತು. ಬಾಗಿಲಿಗೆ ಬಂದು ಒಂದು ಸಲ "ಅಕ್ಕಾ" ಅನ್ನುತ್ತೀಯ ಅಂತ ಮೊದಲ ಮೂರು ಪೆಟ್ಟಿನವರೆಗೂ ಕಾದಿದ್ದೆ. ಆಮೇಲೆ ನಿನ್ನ ಕರೆಗೆ ಕಾಯಲಿಲ್ಲ, ನಾನಾಗಿ ಎದ್ದು ಬರಲೂ ಇಲ್ಲ. ಮೂರು ದಿನವೂ ಸುಮ್ಮನೆ ಕೂತು ಕೇಳಿದೆ.