ಖಮರ್ ಟೀಚರ್ ಉತ್ತರಿಸಿದ ಭಾಷೆ

ಬೀದರ
ಫೆಬ್ರವರಿ ೩೦, ೨೧೯೩

ಮಾನ್ಯರೆ,

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ ಬಂದು ನಲವತ್ತು ವರ್ಷವಾಯಿತು. ಆ ದಿನಗಳನ್ನು ಯಾವ ತಿಂಗಳಿಂದ ತೆಗೆದರು ಎಂದು ವಿವರಿಸಲು ಹೊರಟರೆ ಕಾಗದ ಅಲ್ಲೇ ಮುಗಿದುಹೋದೀತು. ನನ್ನ ಕನ್ನಡದಲ್ಲಿ ನಿಮಗೆ ವಿಚಿತ್ರವೆನಿಸುವ ಮಾತುಗಳು ಬಂದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರಹಗಳನ್ನು ಓದಿ, ಆದಷ್ಟು ನಿಮ್ಮ ಹಾಗೆಯೇ ಬರೆಯಲು ಪ್ರಯತ್ನಿಸಿದ್ದೇನೆ. ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ನಮ್ಮ ಅಂಚೆಯಲ್ಲಿ, ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದಕ್ಕೆ ಅವಕಾಶ. ಅದು ತಲುಪಿತೋ ಇಲ್ಲವೋ, ತಲುಪಿ ಏನಾದರೂ ಬದಲಾಯಿತೋ, ಯಾರಿಗೂ ಗೊತ್ತಾಗುವುದಿಲ್ಲ. ಹೆಚ್ಚಿನವರು ತಮ್ಮ ಮುತ್ತಜ್ಜಿಗೆ ಬರೆಯುತ್ತಾರೆ. ನಾನು ಹೆಸರೂ ತಿಳಿಯದ ನಿಮಗೆ ಬರೆಯುತ್ತಿದ್ದೇನೆ.

ನೀವು ಯಾರೆಂದು ನನಗೆ ಗೊತ್ತಿರುವುದು ಇಷ್ಟು. ಐವತ್ತು ದಾಟಿದವರ ನಿದ್ದೆ, ನೆನಪು, ಮನಸ್ಸಿನ ಸ್ಥಿತಿಯನ್ನು ವರ್ಷಕ್ಕೆ ನಾಲ್ಕು ಸಲ ಕೇಳುವ ಒಂದು ಆನ್‌ಲೈನ್ ಸಮೀಕ್ಷೆಯ ಮೊದಲ ನಮೂನೆ ಈಗ ನಿಮ್ಮ ಮೇಜಿನ ಮೇಲಿದೆ. ಅದು ಕನ್ನಡದಲ್ಲಿ ಒಂದು, ಉರ್ದುವಿನಲ್ಲಿ ಒಂದು ಎಂದು ಎರಡು ಪ್ರತಿಗಳಲ್ಲಿದೆ. ನೀವು ಅಂದುಕೊಂಡದ್ದಕ್ಕಿಂತ ಅದು ಬಹಳ ದಿನ ಬದುಕಿತು. ನಾವು ಅದನ್ನು ಉದ್ದಕೇಳಿಕೆ ಎನ್ನುತ್ತೇವೆ. ಬೀದರ ಜಿಲ್ಲೆಯಲ್ಲಿ ಅದರ ನುಡಿಪಾಲಕಿ ನಾನು, ಹೆಸರು ಜಗದೇವಿ. ಉತ್ತರಿಸುವವರಲ್ಲಿ ಯಾರಿಗೆ ಯಾವ ಭಾಷೆಯ ಪ್ರತಿ ಹೋಗಬೇಕು ಎಂದು ನೋಡಿಕೊಳ್ಳುವುದು ನುಡಿಪಾಲಕಿಯ ಕೆಲಸ. ಕೇಳ್ಪಲಗೆ ಎಂಬ ತೆಳ್ಳನೆಯ ಪಲಗೆಯಲ್ಲಿ ಪ್ರಶ್ನೆಗಳು ಜನರ ಮನೆಗೆ ಹೋಗುತ್ತವೆ, ಉತ್ತರಗಳು ಹುಮನಾಬಾದದ ನನ್ನ ಕೋಣೆಗೆ ಬರುತ್ತವೆ. ಯಾರ ಉತ್ತರ ನೋಡಿ ಆತಂಕವಾಗುತ್ತದೋ ಅವರ ಮನೆಗೆ ದಾದಿಯೊಬ್ಬರು ಹೋಗಿ ಬರುತ್ತಾರೆ. ಹಾಗಾಗಿ ಪಟ್ಟಿಯಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ.

ನಿಮ್ಮ ನಮೂನೆಯ ಮೊದಲ ಸಾಲು "ನಿಮ್ಮ ಭಾಷೆ ಯಾವುದು?" ಎಂದಿದೆ. ಕೆಳಗೆ ಎರಡು ಚೌಕಗಳು. ಒಂದನ್ನು ಒತ್ತಿದರೆ ಆ ಸಾಲು ಮತ್ತೆಂದೂ ಬರುವುದಿಲ್ಲ. ಇದು ಅಸಡ್ಡೆಯಿಂದ ಆದದ್ದಲ್ಲ ಎಂದು ಬಲ್ಲೆ. ಒಂದೇ ಪ್ರಶ್ನೆ ಎರಡು ಭಾಷೆಯಲ್ಲಿ ಒಂದೇ ತೂಕ ತೂಗುವುದಿಲ್ಲ. ನಡುವೆ ಭಾಷೆ ಬದಲಾದರೆ, ಬದಲಾದದ್ದು ಮನುಷ್ಯನೋ ಮಾತೋ ಎಂದು ಹೇಳಲಾಗುವುದಿಲ್ಲ. ಈ ಮಾತನ್ನು ಹೊಸಬರಿಗೆ ಹನ್ನೊಂದು ವರ್ಷ ನಾನೇ ಕಲಿಸಿದ್ದೇನೆ. ಯಾರಾದರೂ ಭಾಷೆ ಬದಲಿಸಿ ಎಂದು ಕೇಳಿದರೆ ಮರ್ಯಾದೆಯಿಂದಲೇ ಆಗುವುದಿಲ್ಲ ಎನ್ನುತ್ತಿದ್ದೆ.

ಖಮರುನ್ನಿಸಾ ಎಂಬವರು ಬೀದರದ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದವರು. ಊರಿಗೆಲ್ಲ ಖಮರ್ ಟೀಚರ್. ಐವತ್ತಾದ ದಿನವೇ ಉದ್ದಕೇಳಿಕೆಗೆ ಸೇರಿ, ಕನ್ನಡದ ಚೌಕ ಒತ್ತಿ, ಒಂದು ಸುತ್ತನ್ನೂ ತಪ್ಪಿಸದೆ ಉತ್ತರಿಸಿದ್ದರು. ನಾನು ಅವರನ್ನು ನೋಡಿರಲಿಲ್ಲ, ಆದರೆ ಬಲ್ಲೆ. ಪ್ರತಿ ಸುತ್ತಿನ ಕೊನೆಗೆ "ಇನ್ನೇನಾದರೂ ಹೇಳುವುದಿದೆಯೇ" ಎಂಬ ಖಾಲಿ ಜಾಗವಿರುತ್ತದೆ. ಉಳಿದವರು ಅಲ್ಲಿ ಮಂಡಿನೋವು, ಸೊಸೆ, ನೀರಿನ ಪಾಳಿ ಬರೆದರೆ ಖಮರ್ ಟೀಚರ್ ನಮ್ಮ ಕನ್ನಡವನ್ನು ತಿದ್ದುತ್ತಿದ್ದರು. "ಹನ್ನೆರಡನೇ ಪ್ರಶ್ನೆಯಲ್ಲಿ ಕ್ರಿಯಾಪದ ಕರ್ತೃವನ್ನು ಬಿಟ್ಟು ಎಲ್ಲಿಗೋ ಹೋಗಿದೆ, ಹುಡುಕಿ ತನ್ನಿ" ಎಂದು ಒಮ್ಮೆ ಬರೆದಿದ್ದರು. ನಾನು ಹುಡುಕಿ ತಂದೆ. ಮುಂದಿನ ಸುತ್ತಿನಲ್ಲಿ "ಈಗ ಸರಿ" ಎಂದು ಎರಡೇ ಪದ ಬಂತು. ಅದನ್ನು ನೋಡಿ ಆ ದಿನವೆಲ್ಲ ಖುಷಿಯಾಗಿದ್ದೆ.

ಅವರ ಎಂಬತ್ತಮೂರನೇ ಸುತ್ತು ಅರ್ಧಕ್ಕೆ ನಿಂತಿತು. ಎಂಬತ್ತನಾಲ್ಕನೆಯದು ಪೂರ್ತಿ ಬಂತು, ಆದರೆ ಅರವತ್ತು ಪ್ರಶ್ನೆಗಳಿಗೂ ಮೊದಲನೆಯ ಚೌಕವೇ ಒತ್ತಲ್ಪಟ್ಟಿತ್ತು. ನಿದ್ದೆ ಚೆನ್ನಾಗಿದೆ, ನೆನಪು ಚೆನ್ನಾಗಿದೆ, ಮನಸ್ಸು ಚೆನ್ನಾಗಿದೆ. ಇಂಥ ಉತ್ತರಕ್ಕೆ ನಮ್ಮಲ್ಲಿ ಒಂಟಿಗೆರೆ ಎನ್ನುತ್ತಾರೆ. ಓದದೆ ಒತ್ತಿದವರು ಎಂದರ್ಥ. ಅವರನ್ನು ಪಟ್ಟಿಯಿಂದ ತೆಗೆಯುವುದು ರೂಢಿ. ಯಂತ್ರ ಹೆಸರು ಸೂಚಿಸುತ್ತದೆ, ನುಡಿಪಾಲಕಿ ಸಮ್ಮತಿ ಒತ್ತುತ್ತಾಳೆ. ಆ ದಿನ ಅಂಥ ಒಂಬತ್ತು ಹೆಸರುಗಳಿದ್ದವು. ಎಂಟು ಒತ್ತಿದೆ. ಒಂಬತ್ತನೆಯದಕ್ಕೆ ಬಂದಾಗ ಕೊನೆಯ ಖಾಲಿ ಜಾಗ ನೋಡಿದೆ. ಅದು ಖಾಲಿಯೇ ಇತ್ತು. ಐದನೇ ಪ್ರಶ್ನೆಯಲ್ಲಿ ಆ ಸಲ ಒಂದು ದೀರ್ಘ ತಪ್ಪಿಹೋಗಿತ್ತು, ನನಗೇ ಕಂಡಿತ್ತು. ಖಮರ್ ಟೀಚರ್ ಅದನ್ನು ಬಿಡುವವರಲ್ಲ.

ಹುಮನಾಬಾದದಿಂದ ಬೀದರಕ್ಕೆ ನೆರಳುದಾರಿಯಲ್ಲಿ ಹೋದೆ. ಮೇಲೆ ಉದ್ದಕ್ಕೂ ಸೌರಫಲಕಗಳ ಚಾವಣಿ ಹೊದಿಸಿದ ರಸ್ತೆಗೆ ನೆರಳುದಾರಿ ಎನ್ನುತ್ತೇವೆ. ಅದಿಲ್ಲದೆ ನಮ್ಮ ಬಿಸಿಲಿನಲ್ಲಿ ಎಂಟು ಗಂಟೆಯ ಮೇಲೆ ಯಾರೂ ಓಡಾಡಲಾರರು. ಹನ್ನೊಂದರಿಂದ ನಾಲ್ಕರವರೆಗೆ ಅಂಗಡಿ, ಶಾಲೆ, ಕಚೇರಿ ಎಲ್ಲ ಮುಚ್ಚಿ ಜನ ತಂಪು ನೆಲಮನೆಗಳಿಗೆ ಇಳಿಯುತ್ತಾರೆ, ಅಲ್ಲಿ ರೊಟ್ಟಿ ತಿಂದು, ಹರಟೆ ಹೊಡೆದು, ಮಲಗುತ್ತಾರೆ. ನಾನು ಹೋದದ್ದು ಸರಿಯಾಗಿ ಆ ಹೊತ್ತಿಗೆ. ಬಾಗಿಲು ತೆರೆದದ್ದು ಟೀಚರ ತಮ್ಮನ ಮಗಳು ನುಜಹತ್. ನೆರಳುದಾರಿಯ ಫಲಕಗಳನ್ನು ದುರಸ್ತಿ ಮಾಡುವ ಕೆಲಸದವಳು. ಅತ್ತೆಯ ಜೊತೆ ಇರುವವಳು ಅವಳೇ. "ಸಮೀಕ್ಷೆಯವರಾ? ಅತ್ತೆ ಪ್ರತಿ ಸಲ ಕೂತು ತುಂಬಿ ಕಳಿಸ್ತಾರಲ್ರಿ" ಎಂದಳು, ಏನೋ ದೂರು ಬಂದಿದೆ ಎಂಬಂತೆ.

ನೆಲಮನೆಯಲ್ಲಿ ಖಮರ್ ಟೀಚರ್ ಕುರ್ಚಿಯಲ್ಲಿ ನೇರ ಕೂತಿದ್ದರು. ತೆಳ್ಳಗೆ, ಬಿಳಿ ಸೆರಗು, ದಪ್ಪ ಕನ್ನಡಕ. "ಬನ್ನಿ, ಕುಳಿತುಕೊಳ್ಳಿ. ಪ್ರಯಾಣ ಸುಖಕರವಾಗಿತ್ತೇ?" ಎಂದು ಪಾಠ ಓದುವಷ್ಟು ಶುದ್ಧವಾಗಿ ಕೇಳಿದರು. ನಾನು ಹೆಸರು ಹೇಳಿದೆ, ಕ್ರಿಯಾಪದದ ವಿಷಯ ನೆನಪಿಸಿದೆ. ಅವರು ನಕ್ಕರು, ಆದರೆ ನೆನಪಾಗಿ ನಕ್ಕಂತೆ ಕಾಣಲಿಲ್ಲ. ಈ ಸಲದ ಪ್ರಶ್ನೆಗಳು ಹೇಗಿದ್ದವು ಎಂದು ಕೇಳಿದೆ.

"ಪ್ರಶ್ನಿ ಉದ್ದ ಆಗ್ಯಾವ. ನೀವೇ ಉದ್ದ ಮಾಡೀರಿ. ಸಾಲಿನ ಕೊನೀಗಿ ಹೋಗೋದ್ರಾಗ ಮೊದಲು ಕೈ ಬಿಟ್ಟು ಹೋಗ್ತದ."

ಪ್ರಶ್ನೆಗಳು ಇಪ್ಪತ್ತೊಂದು ವರ್ಷದಿಂದ ಅಷ್ಟೇ ಉದ್ದ ಇದ್ದವು. ಅಷ್ಟರಲ್ಲಿ ನುಜಹತ್ ಚಹಾ ತಂದಳು. ಟೀಚರ್ ಅವಳತ್ತ ತಿರುಗಿ "ಶಕ್ಕರ್ ಜ್ಯಾದಾ ನಕ್ಕೊ ಡಾಲ್" ಎಂದು ಸಕ್ಕರೆ ಕಡಿಮೆ ಹಾಕಲು ಹೇಳಿ, ಅದೇ ಉಸಿರಿಗೆ ಅವಳ ಕೈಗಂಟಿದ ಗ್ರೀಸಿನ ಬಗ್ಗೆ ಏನೋ ಚೇಷ್ಟೆ ಮಾಡಿದರು. ಮಾತು ಹರಿಯಿತು, ಮುಖವೂ ಸಡಿಲಾಯಿತು. ನನಗೆ ಆಗ ಸಂಶಯ ಬಂತು. ಕಲಿತ ಭಾಷೆ ಮೊದಲು ಸವೆದು, ತಾಯಿಯಿಂದ ಬಂದದ್ದು ಉಳಿಯುವ ಮರೆವು ಕೆಲವರಿಗೆ ಬರುತ್ತದೆ.

ನಿಯಮ ಮುರಿದು ಕೇಳ್ಪಲಗೆಯಲ್ಲಿ ಉರ್ದು ಪ್ರತಿ ತೆರೆದು ಅವರ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು.

"ಈ ಲಿಪಿ ನನಗ ಬರಂಗಿಲ್ಲ, ತಂಗಿ. ನಾ ಓದಿದ್ದು ಕನ್ನಡ ಸಾಲಿ."

ನಾನೇ ಓದಿ ಹೇಳಿದೆ. ಅದು ಪುಸ್ತಕದ ಉರ್ದು. ನೆನಪಿಗೆ 'ಯಾದ್‌ದಾಶ್ತ್' ಎಂಬಂಥ ಮಾತುಗಳು. ಅವರ ಮನೆಯ ಮಾತು ದಖನಿ, ನಮ್ಮ ಬೀದಿಗಳಲ್ಲಿ ಆಡುವ ಉರ್ದು. ಪುಸ್ತಕದ ಉರ್ದು ಅವರಿಗೆ ನೆಂಟರ ಮದುವೆಯಲ್ಲಿ ಯಾರೋ ಮಾಡಿದ ಭಾಷಣದ ಹಾಗೆ. ಟೀಚರ್ ಪಲಗೆಯನ್ನು ಮೊಣಕಾಲ ಮೇಲೆ ಬೋರಲಿಟ್ಟು, ಮೆಲ್ಲಗೆ ಹೇಳಿದರು: "ಬರಕೋ. ಈಕೀಗಿ ಯಾವ ಭಾಷಾನೂ ಬರಂಗಿಲ್ಲ ಅಂತ ಬರಕೋ."

ಮೂವತ್ತನಾಲ್ಕು ವರ್ಷ ಭಾಷೆ ಕಲಿಸಿದವರು ಹೇಳಿದ ಮಾತು ಅದು. ನುಜಹತ್ ಬಟ್ಟಲು ಹಿಡಿದು ಅಲ್ಲೇ ನಿಂತುಬಿಟ್ಟಳು. ನಾನು ಹುಮನಾಬಾದದ ಓಣಿಯಲ್ಲಿ ಬೆಳೆದವಳು, ಪಕ್ಕದ ಮನೆಯ ಜಗಲಿಯಲ್ಲಿ ದಖನಿ ಕಲಿತವಳು. ಪಲಗೆ ಬದಿಗಿಟ್ಟು, ರಾತ್ರಿ ನಿದ್ದೆ ಸರಿಯಾಗಿ ಬರುತ್ತದೆಯೇ ಎಂಬ ಮೊದಲ ಪ್ರಶ್ನೆಯನ್ನು ದಖನಿಯಲ್ಲಿ ಬಾಯಲ್ಲೇ ಕೇಳಿದೆ: "ರಾತ್‌ಕು ನೀಂದ್ ಬರಾಬರ್ ಆರಿ ಕ್ಯಾ, ಟೀಚರ್?"

"ಕಾಂಕಿ ನೀಂದ್, ಬೇಟಿ," ಎಂದರು. ಎಲ್ಲಿಯ ನಿದ್ದೆ.

ಆಮೇಲೆ ನಾನು ಕೇಳುವುದೇ ಬೇಕಾಗಲಿಲ್ಲ. ಅಕ್ಕ ಶಮೀಮ್ ತೀರಿಹೋದ ಚಳಿಗಾಲದಿಂದ ನಿದ್ದೆಯಿಲ್ಲ, ಚಿಕ್ಕಂದಿನಿಂದ ಒಂದೇ ಹಾಸಿಗೆಯಲ್ಲಿ ಮಲಗಿದವರು, ಈಗಲೂ ಹೊದಿಕೆಯ ಅರ್ಧ ಅತ್ತ ಸರಿಸುತ್ತೇನೆ ಎಂದರು. ಗೊತ್ತಿರುವ ದಾರಿ ತಪ್ಪಿದ್ದುಂಟೇ ಎಂಬ ಪ್ರಶ್ನೆಗೆ, ಎರಡು ಸಲ ಬೆಳಿಗ್ಗೆ ಎದ್ದು ತಾವು ಕಲಿಸುತ್ತಿದ್ದ ಶಾಲೆಗೆ ಹೋಗಿ ತರಗತಿಯಲ್ಲಿ ನಿಂತದ್ದನ್ನು ಹೇಳಿದರು. ಮಕ್ಕಳು ಎದ್ದು ನಿಂತು ನಮಸ್ಕಾರ ಮಾಡಿದರಂತೆ. ಕುರ್ಚಿ ಕೊಟ್ಟು, ನೀರು ಕೊಟ್ಟು, ಹೊಸ ಟೀಚರ್ ಮನೆಯ ತಿರುವಿನವರೆಗೆ ಬಿಟ್ಟು ಹೋದರಂತೆ. "ಇವಳಿಗೆ ಹೇಳಿಲ್ಲ, ಹೆದರ್ತಾಳೆ" ಎಂದು ದಖನಿಯಲ್ಲೇ ಹೇಳಿದರು, ನುಜಹತ್ ಹಿಂದೆಯೇ ನಿಂತಿದ್ದಾಳೆ ಎಂಬುದನ್ನು ಮರೆತು. ಅವಳು ಬಟ್ಟಲು ಕೆಳಗಿಟ್ಟು, ಬಂದು, ಅತ್ತೆಯ ಪಾದದ ಹತ್ತಿರ ನೆಲದ ಮೇಲೆ ಕೂತಳು. ಅರವತ್ತು ಪ್ರಶ್ನೆ ಮುಗಿಯುವವರೆಗೆ ಅಲ್ಲೇ ಕೂತಿದ್ದಳು. ಒಂದೇ ಒಂದು ಉತ್ತರವೂ "ಚೆನ್ನಾಗಿದೆ" ಎಂದಿರಲಿಲ್ಲ.

ನನ್ನ ಮೇಲಿನ ಅಧಿಕಾರಿ ಧನರಾಜ, ನೇರ ಮನುಷ್ಯ. ಎಲ್ಲ ಹೇಳಿದ ಮೇಲೆ ಕೇಳಿದ: "ನಾಳೆ ಈಕೆಯ ಅಂಕ ಏರಿದರೆ ನೆನಪು ಸುಧಾರಿಸಿತು ಅಂತ ಓದಬೇಕೋ, ಭಾಷೆ ಸುಲಭ ಆಯಿತು ಅಂತ ಓದಬೇಕೋ? ಇಪ್ಪತ್ತೊಂದು ವರ್ಷದ ದಾಖಲೆ ಕೆಡುತ್ತೆ, ಜಗದೇವಿ."

"ಈಗ ಒಂಟಿಗೆರೆ ಎಳೆದಿದ್ದಾರಲ್ಲ, ಅದನ್ನು ಏನಂತ ಓದುತ್ತೀರಿ?" ಎಂದೆ.

ಮರುದಿನ ಅವನೇ ಬಂದು, ಹಳೆಯ ದಾಖಲೆ ಹಾಗೇ ಇರಲಿ, ಮುಂದಿನ ಪ್ರತಿ ಉತ್ತರದ ಪಕ್ಕದಲ್ಲಿ ಯಾವ ಭಾಷೆಯಲ್ಲಿ ಕೇಳಿದ್ದು, ಯಾವುದರಲ್ಲಿ ಹೇಳಿದ್ದು ಎಂದು ಬರೆಯೋಣ ಎಂದ. ಕೆಲವು ಪ್ರಶ್ನೆಗಳನ್ನು ಒಂದೇ ದಿನ ಎರಡೂ ಭಾಷೆಯಲ್ಲಿ ಕೇಳಿದರೆ ಮಾತಿನ ತೂಕ ಎಷ್ಟು, ಮನುಷ್ಯನದ್ದೆಷ್ಟು ಎಂದು ಅಂದಾಜು ಸಿಗುತ್ತದೆ. ದಖನಿಯನ್ನು ಕನ್ನಡ ಲಿಪಿಯಲ್ಲಿ ಬರೆಯೋಣ, ಓದಲಾಗದವರಿಗೆ ಪಲಗೆಯೇ ಮಾತಾಡಲಿ. ಇಷ್ಟು ಹೇಳಿ, ನನ್ನ ಕಡೆ ನೋಡದೆ ಒಂದು ಪಟ್ಟಿ ಮೇಜಿನ ಮೇಲಿಟ್ಟ. ಒಂಟಿಗೆರೆ ಎಂದು ಈವರೆಗೆ ಕೈಬಿಟ್ಟವರ ಹೆಸರುಗಳು. ಅದರಲ್ಲಿ ಇನ್ನೂರ ಹನ್ನೆರಡು ಹೆಸರುಗಳ ಮುಂದೆ ಸಮ್ಮತಿ ಒತ್ತಿದ ಬೆರಳು ನನ್ನದು.

ಒಬ್ಬೊಬ್ಬರನ್ನೇ ಹುಡುಕಿ ಹೋದೆ. ಅರ್ಧಕ್ಕಿಂತ ಹೆಚ್ಚು ಜನ ತೀರಿಹೋಗಿದ್ದರು. ಕೆಲವರು ನಿಜಕ್ಕೂ ಓದದೆ ಒತ್ತಿದವರೇ, ನಗುತ್ತಾ ಒಪ್ಪಿಕೊಂಡರು. ಆದರೆ ಮೂವತ್ತೊಂದು ಮನೆಗಳಲ್ಲಿ ಖಮರ್ ಟೀಚರ ಕಥೆಯೇ. ಭಾಲ್ಕಿಯ ಹತ್ತಿರ ಒಬ್ಬ ಮುದುಕರು ಹೊಸ್ತಿಲು ದಾಟಲು ಬಿಡಲಿಲ್ಲ. "ನೀವು ಕೇಳೋದು ಬಿಟ್ಟ ಮ್ಯಾಲ ನಾನೂ ಹೇಳೋದು ಬಿಟ್ಟೀನ್ರಿ" ಎಂದು ಬಾಗಿಲು ಹಾಕಿಕೊಂಡರು. ಅವರು ಬಾಗಿಲು ಜೋರಾಗಿ ಹಾಕಿದ್ದರೆ ಚೆನ್ನಾಗಿತ್ತು. ಬಹಳ ಮೆತ್ತಗೆ ಹಾಕಿದರು.

ಟೀಚರ ಮನೆಗೆ ಆಮೇಲಿನ ಮೂರು ವರ್ಷ ಪ್ರತಿ ಸುತ್ತಿಗೂ ನಾನೇ ಹೋದೆ. ದಾದಿ ಬಂದು ನಿದ್ದೆಗೆ ಔಷಧ ಕೊಟ್ಟಳು. ಶಾಲೆಯವರಿಗೆ ನುಜಹತಳ ವಿಳಾಸ ಕೊಟ್ಟೆವು. ಮರೆವು ನಿಲ್ಲಲಿಲ್ಲ. ನಮ್ಮ ಕಾಲದಲ್ಲೂ ಅದಕ್ಕೆ ಮದ್ದಿಲ್ಲ ಎಂದು ಹೇಳಲು ಬೇಸರವಾಗುತ್ತದೆ. ಮೊದಲು ಅರವತ್ತು ಪ್ರಶ್ನೆಗೂ ಉತ್ತರ ಬರುತ್ತಿತ್ತು, ಆಮೇಲೆ ನಲವತ್ತಕ್ಕೆ, ಆಮೇಲೆ ಹತ್ತಕ್ಕೆ. ಕೆಲವು ದಿನ ಇದ್ದಕ್ಕಿದ್ದಂತೆ ಕನ್ನಡ ಮರಳುತ್ತಿತ್ತು, ಅರ್ಧ ಗಂಟೆ ಇದ್ದು ಹೋಗುತ್ತಿತ್ತು, ಅದನ್ನೂ ಬರೆದುಕೊಂಡೆ. ಕೊನೆಯ ವರ್ಷ ಅವರು ಉತ್ತರಿಸುವುದು ಬಿಟ್ಟು ನನ್ನ ಪ್ರಶ್ನೆಯನ್ನೇ ನನಗೆ ತಿರುಗಿ ಕೇಳತೊಡಗಿದರು. ಕೈ ಹಿಡಿದು, "ತೂ ಸೋಯಿ ಕ್ಯಾ?" ಎನ್ನುವರು. ನೀನು ಮಲಗಿದ್ದೆಯಾ? ನಾನು ಉತ್ತರ ಹೇಳುತ್ತಿದ್ದೆ. ನನ್ನ ನಿದ್ದೆ, ನನ್ನ ಭಯ, ಯಾರಿಗೂ ಹೇಳದ್ದು. ಅದು ಯಾವ ದಾಖಲೆಯಲ್ಲೂ ಇಲ್ಲ. ಕಳೆದ ನವೆಂಬರಿನಲ್ಲಿ, ನುಜಹತ್ ತಲೆ ಬಾಚುತ್ತಿದ್ದಾಗ, ಖಮರ್ ಟೀಚರ್ ತೀರಿಕೊಂಡರು.

ನಮ್ಮಲ್ಲಿ ನಿಯಮ ಈಗ ಬದಲಾಗಿದೆ. ಆದರೆ ನಿಮ್ಮಿಂದ ನನ್ನವರೆಗೆ ನೂರ ಅರವತ್ತಕ್ಕೂ ಹೆಚ್ಚು ವರ್ಷಗಳಿವೆ, ಅಷ್ಟೂ ವರ್ಷಗಳ ಜನರಿದ್ದಾರೆ. ಅವರಿಗಾಗಿ ಕೇಳುತ್ತಿದ್ದೇನೆ. ನಿಮ್ಮ ಮೊದಲ ಸಾಲನ್ನು ದಯವಿಟ್ಟು ತಿದ್ದಿ. "ನಿಮ್ಮ ಭಾಷೆ ಯಾವುದು" ಎಂದರೆ ಜನ ತಮ್ಮ ಗೌರವವನ್ನು ಉತ್ತರವಾಗಿ ಕೊಡುತ್ತಾರೆ. "ಇವತ್ತು ಯಾವ ಭಾಷೆಯಲ್ಲಿ ಮಾತಾಡೋಣ" ಎಂದು ಕೇಳಿ. ಪ್ರತಿ ಸುತ್ತಿನಲ್ಲಿ, ಪ್ರತಿ ಪುಟದಲ್ಲಿ ಕೇಳಿ. ಲಿಪಿ ಯಾವುದು, ಓದುತ್ತೀರೋ ಕೇಳಿಸಿಕೊಳ್ಳುತ್ತೀರೋ ಎಂದು ಬೇರೆಯಾಗಿ ಕೇಳಿ. ಬದಲಿಸಿದವರನ್ನು ತಪ್ಪಿತಸ್ಥರಂತೆ ಕಾಣಬೇಡಿ. ಬದಲಿಸಿದ್ದೂ ಒಂದು ಉತ್ತರವೇ.

ನೀವು ಹಾಗೆ ಮಾಡಿ, ಈ ಕಾಗದ ನಿಜಕ್ಕೂ ಕೆಲಸ ಮಾಡಿದರೆ, ಎಂಬತ್ತಮೂರನೇ ಸುತ್ತಿನಲ್ಲಿ ಖಮರ್ ಟೀಚರ್ ತಾವೇ ದಖನಿಗೆ ಹೊರಳುತ್ತಾರೆ, ದಾದಿ ಸಮಯಕ್ಕೆ ಸರಿಯಾಗಿ ಹೋಗುತ್ತಾಳೆ, ನಾನು ಆ ನೆಲಮನೆಗೆ ಇಳಿಯುವ ಕಾರಣವೇ ಇರುವುದಿಲ್ಲ. ಆ ಮೂರು ವರ್ಷ ನನಗೆ ಸಿಗುವುದಿಲ್ಲ, ನೀನು ಮಲಗಿದ್ದೆಯಾ ಎಂದು ಯಾರೂ ನನ್ನನ್ನು ಕೇಳಿರುವುದಿಲ್ಲ. ಇದನ್ನು ಬಹಳ ದಿನ ಯೋಚಿಸಿದ್ದೇನೆ. ನನಗೆ ಒಪ್ಪಿಗೆಯಿದೆ. ತಿದ್ದಿಬಿಡಿ.

ನಿಮ್ಮ
ಜಗದೇವಿ