ಸ್ಪೀಕರಿನ ಮೇಲಿಟ್ಟ ಅಂಗೈ

ಮನೆಯಿಂದ,
ಭಾನುವಾರ, ಊಟವಾದ ಮೇಲೆ

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ಗಂಟಲು ನೋವು ಹೋಯಿತೇ? ನಿಲ್ದಾಣದ ಮೈಕಿನ ಮುಂದೆ ಕೂತು ದಿನವಿಡೀ ರೈಲು ಬಂತು, ರೈಲು ಹೊರಟಿತು ಎನ್ನುವವಳು ಬಿಸಿನೀರನ್ನು ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಅಪ್ಪನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನೀನಿಲ್ಲದೆ ನನ್ನನ್ನು ಕರೆಯುವವರೇ ಇಲ್ಲದಂತಾಗಿದೆ. ನೀನಾದರೆ ಮೇಜಿಗೆ ಎರಡು ಸಲ ಗುದ್ದುತ್ತಿದ್ದೆ, ಅದು ಹಲಗೆಯಲ್ಲಿ ಹರಿದು ನನ್ನ ಕೈಗೆ ಮುಟ್ಟುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತು ಕೈ ಬೀಸುತ್ತಾರೆ, ಬೆನ್ನು ತಿರುಗಿಸಿ ನಿಂತವಳಿಗೆ ಕಾಣುವುದೆಲ್ಲಿ? ಇರಲಿ. ಫೋನಿನಲ್ಲಿ ಎರಡು ಸಾಲು ಒತ್ತಿ ಕಳಿಸಬಹುದಿತ್ತು, ಆದರೆ ಈ ಸುದ್ದಿ ಅಷ್ಟರಲ್ಲಿ ಹಿಡಿಸುವುದಿಲ್ಲ. ನಿನ್ನೆ ನಮ್ಮ ಹಳೇ ಕಂಪ್ಯೂಟರಿನ ಸದ್ದು ಸರಿಮಾಡಿದ್ದು ನಾನು. ಹೌದು, ಕಿವಿ ಕೇಳದ ನಿನ್ನ ಅಮ್ಮನೇ!

ನಿನ್ನ ಮೊದಲ ದಿನದ ಪ್ರಕಟಣೆಯ ಪೆನ್ ಡ್ರೈವ್ ಕೈಸೇರಿದ್ದೇ ತಡ, ಅಪ್ಪ ಬೀದಿಗೆಲ್ಲ ಡಂಗುರ ಸಾರಿಬಿಟ್ಟರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇನ್ನು ಹುಟ್ಟಿದ್ದೇ ಮುದ್ದಾಗಿದ್ದರೆ ಕೇಳಬೇಕೇ! ಸಂಜೆ ನಿನ್ನ ಸೋದರತ್ತೆ, ಪಕ್ಕದ ಮನೆಯವರು, ಕೆಳಮನೆಯ ದರ್ಜಿ, ಎಲ್ಲರೂ ಬಂದು ಚಹಾ ಹಿಡಿದು ಕೂತರು. ಅಪ್ಪ ಗುಂಡಿ ಒತ್ತಿದರು. ಯಾರ ಹುಬ್ಬೂ ಏಳಲಿಲ್ಲ. ಸದ್ದಿಲ್ಲ ಎಂದು ನನಗೆ ಅದರಿಂದಲೇ ತಿಳಿಯಿತು. ಅಪ್ಪ ಸಿಕ್ಕ ಗುಂಡಿಯನ್ನೆಲ್ಲ ಕೊನೆಯವರೆಗೆ ತಿರುಗಿಸಿದರು, ಡಬ್ಬದ ತಲೆಗೆ ನಾಲ್ಕೇಟು ಹಾಕಿದರು. "ಹಳೇ ಡಬ್ಬ ಕಣೋ, ನಾಳೆನೇ ಗುಜರಿಗೆ ಹಾಕು" ಅಂದರು ಸೋದರತ್ತೆ. ಅಪ್ಪನ ಮುಖ ಸಪ್ಪಗಾಯಿತು. ನಾನು ಎದ್ದು ಹತ್ತಿರ ಹೋದೆ. "ಸದ್ದಿನ ವಿಷಯ ನಿಂಗೇನು ಗೊತ್ತಾಗತ್ತೆ, ಬಿಡೇ" ಎಂದು ಅಪ್ಪನ ತುಟಿ ಆಡಿದ್ದು ಕಾಣಿಸಿತು. ಬಹಳ ನೋವಾಯಿತು. ಆದರೂ ಹಿಂದೆ ಸರಿಯಲಿಲ್ಲ.

ಇಪ್ಪತ್ತು ವರ್ಷ ಅಚ್ಚಿನ ಯಂತ್ರಗಳ ಮೈಮೇಲೆ ಕೈಯಿಟ್ಟೇ ಅವುಗಳ ಕಷ್ಟಸುಖ ವಿಚಾರಿಸಿದವಳು ನಾನು. ನನ್ನ ಕಿವಿ ತೆಗೆದದ್ದೂ ಅವೇ, ಅಂಗೈಗೆ ಪಾಠ ಹೇಳಿದ್ದೂ ಅವೇ. ಸ್ಪೀಕರಿನ ವೈರು ಕಿತ್ತು ಅಪ್ಪನ ರೇಡಿಯೋಗೆ ಚುಚ್ಚಿದೆ. ಪೆಟ್ಟಿಗೆ ಅಂಗೈಯಲ್ಲಿ ಗಡಗಡ ನಡುಗಿತು. ಸರಿ, ತಪ್ಪು ಅದರದ್ದಲ್ಲ. ವೈರನ್ನು ಮತ್ತೆ ಕಂಪ್ಯೂಟರಿನ ಬೆನ್ನಿನ ಹಸಿರು ತೂತಿಗೆ ಸೇರಿಸಿದೆ, ಪೆಟ್ಟಿಗೆ ಮಿಸುಕಲಿಲ್ಲ. ಆಮೇಲೆ ಪರದೆಯ ಮೂಲೆಯ ಸ್ಪೀಕರಿನ ಚಿತ್ರ ಒತ್ತಿ ಒಳಗೆ ಹೋದೆ. ಅಲ್ಲಿ ಎರಡು ಹೆಸರಿದ್ದವು: ಒಂದು ಸ್ಪೀಕರಿನದು, ಇನ್ನೊಂದು ಹೋದ ತಿಂಗಳು ತಂದ ಹೊಸ ಮಾನಿಟರಿನದು. ಮಾನಿಟರಿನ ಹೆಸರಿನ ಪಕ್ಕದಲ್ಲಿ ಹಸಿರು ಪಟ್ಟಿಯೊಂದು ಏರಿಳಿದು ಕುಣಿಯುತ್ತಿತ್ತು. ಹೊಳೆದೇಬಿಟ್ಟಿತು! ನೀನು ಮಾತಾಡುತ್ತಲೇ ಇದ್ದೆ ಕಣೇ, ಕಂಪ್ಯೂಟರು ಅದನ್ನೆಲ್ಲ ಸ್ಪೀಕರೇ ಇಲ್ಲದ ಆ ಮಾನಿಟರಿಗೆ ಕಳಿಸುತ್ತಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನಾನು ಸ್ಪೀಕರಿನ ಹೆಸರನ್ನು ಆರಿಸಿ ಒತ್ತಿದೆ.

ಅಪ್ಪ ಗುಂಡಿಗಳನ್ನೆಲ್ಲ ಪೂರ್ತಿ ತಿರುಗಿಸಿಟ್ಟದ್ದು ಮರೆತೇ ಹೋಗಿತ್ತು. ಪೆಟ್ಟಿಗೆ ನನ್ನ ಅಂಗೈಯನ್ನು ಒದೆಯಿತು, ಸೋದರತ್ತೆಯ ಚಹಾ ಮಡಿಲ ಪಾಲಾಯಿತು, ರೈಲು ಮನೆಯೊಳಗೇ ನುಗ್ಗಿತೆಂಬಂತೆ ದರ್ಜಿ ಕಾಲು ಮೇಲೆತ್ತಿದ. ಗುಂಡಿ ಇಳಿಸಿ ಮೊದಲಿಂದ ಹಾಕಿದೆವು. ಅಪ್ಪ ಕಣ್ಣೊರೆಸಿಕೊಳ್ಳುತ್ತ "ನನ್ನ ಮಗಳು, ನನ್ನ ಮಗಳು" ಅನ್ನುತ್ತಿದ್ದರು. ಆಮೇಲೆ ನನ್ನತ್ತ ಕೈ ತೋರಿಸಿ ಎಲ್ಲರಿಗೂ "ನನ್ನ ಹೆಂಡ್ತಿ" ಅಂದರು. ಹೆಮ್ಮೆಯಿಂದ ನನ್ನ ಕಾಲು ನೆಲಕ್ಕೇ ತಾಗಲಿಲ್ಲ. ನನ್ನಲ್ಲಿ ಉಳಿದಿರುವುದು ನಿನ್ನ ಎಂಟನೇ ವಯಸ್ಸಿನ ದನಿ. ಈಗಿನದು ಹೇಗಿದೆ ಎಂದು ಅಪ್ಪನನ್ನು ಕೇಳಿದೆ. "ಥೇಟ್ ನಿಂದೇ" ಅಂದರು.

ಗಂಟಲು ಜೋಪಾನ. ನಿನ್ನ ದನಿ ಕೇಳಿದ ಯಾರಿಗೂ ರೈಲು ತಪ್ಪದಿರಲಿ, ನೂರು ಕಾಲ ಚೆನ್ನಾಗಿರು.

ನಿನ್ನ ಅಮ್ಮ
(ಈ ಮನೆಯ ಸೌಂಡ್ ಇಂಜಿನಿಯರ್)

ಇನ್ನೊಂದು ಮಾತು, ಲಕೋಟೆ ಅಂಟಿಸುವ ಮುಂಚೆ: ಪ್ರಕಟಣೆ ಮುಗಿದು ಎಲ್ಲರೂ ಚಪ್ಪಾಳೆ ತಟ್ಟಿ ಎದ್ದರು. ಆಗ ಪೆಟ್ಟಿಗೆಯೊಳಗಿಂದ ಎರಡು ಸಲ, ದಡ್, ದಡ್. "ಮೈಕಿಗೆ ಏನೋ ತಾಗಿರ್ಬೇಕು" ಅಂದರು ಅಪ್ಪ. ನಾನು ಅಂಗೈ ತೆಗೆಯದೆ ಅಲ್ಲೇ ನಿಂತು "ಓ" ಅಂದೆ, ಮಗಳೇ.