ಮರೆವು ಬೇರೆ, ಮನಸ್ಸು ಬೇರೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಫೋನಿನಲ್ಲಿ ನಾನು ಒಂದು ಮಾತು ಹಿಡಿದು ಇನ್ನೊಂದಕ್ಕೆ ಹಾರಿ, ಹೇಳಬೇಕಾದ್ದನ್ನೇ ಬಿಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ. ಆ ದಿನ ಡಾಕ್ಟರಮ್ಮ ನಿನಗೆ ಫೋನ್ ಮಾಡಿ ನನ್ನ ಬಾಲ್ಯವನ್ನೆಲ್ಲ ಯಾಕೆ ಕೆದಕಿದರು ಎಂದು ನಾನಿನ್ನೂ ಸರಿಯಾಗಿ ತಿಳಿಸಿಲ್ಲ.

ಹೆಣ್ಣಾಗಿ ಬದುಕಲು ಶುರುಮಾಡಿದ ಮೇಲೆ ಹಾರ್ಮೋನ್ ಮಾತ್ರೆಗೆಂದು ಒಂದು ಆಸ್ಪತ್ರೆಗೆ ಹೋಗುತ್ತಿದ್ದೆನಲ್ಲ, ಅಲ್ಲಿ ಬರಹೇಳಿದ ದಿನಗಳನ್ನು ಮತ್ತೆ ಮತ್ತೆ ತಪ್ಪಿಸಿದೆ. ಒಮ್ಮೆ ದಿನವೇ ಮರೆತುಹೋಯಿತು. ಇನ್ನೊಮ್ಮೆ ಹೊರಟವಳು ದಾರಿಯಲ್ಲಿ ಹೊಸ ಬಟ್ಟೆ ಅಂಗಡಿ ಕಂಡು ಒಳಗೆ ಹೊಕ್ಕೆ. ಹೊರಬರುವಷ್ಟರಲ್ಲಿ ಆಸ್ಪತ್ರೆಯ ಬಾಗಿಲು ಹಾಕಿತ್ತು. ಅಲ್ಲಿನ ಡಾಕ್ಟರು, "ನಿಮಗೇ ಇನ್ನೂ ಮನಸ್ಸು ಗಟ್ಟಿಯಾಗಿಲ್ಲ ಅನ್ಸುತ್ತೆ. ಗಟ್ಟಿ ಮಾಡ್ಕೊಂಡು ಬನ್ನಿ," ಎಂದು ಮಾತ್ರೆ ನಿಲ್ಲಿಸಿಬಿಟ್ಟರು. ಮರೆತೆ ಸಾರ್ ಅಂದರೆ, "ಇಂಥದ್ದನ್ನ ಯಾರಾದ್ರೂ ಮರೀತಾರಾ?" ಅಂದರು.

ಆಮೇಲಿನ ತಿಂಗಳುಗಳ ಬಗ್ಗೆ ಬರೆಯುವುದಿಲ್ಲ. ಕನ್ನಡಿಗೆ ಬಟ್ಟೆ ಹೊದಿಸಿದ್ದೆ ಅಂದರೆ ನಿನಗೆ ಅರ್ಥವಾಗುತ್ತದೆ. ಕಿಟಕಿ ಪರದೆ ಹೊಲಿಯುವ ನಮ್ಮ ಅಂಗಡಿಯಲ್ಲೂ ಎಡವಟ್ಟು. ಒಂದು ಮನೆಯ ಪರದೆ ಅರ್ಧಕ್ಕೆ ಬಿಟ್ಟು ಇನ್ನೊಂದರದ್ದು ಹಿಡಿಯುವುದು, ಕಾದ ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೇ ಬಿಟ್ಟು ಟೀ ಕುಡಿಯಲು ಹೋಗುವುದು. "ಕೈ ಚಿನ್ನ ಕಣೇ, ತಲೆ ಮಾತ್ರ ಊರೂರು ಸುತ್ತುತ್ತೆ," ಎಂದು ಯಜಮಾನಿ ಬೈದರು.

ಮನಸ್ಸು ಗಟ್ಟಿಯಿದೆ ಎಂದು ಬರೆಸಿಕೊಂಡು ಬರೋಣವೆಂದೇ ಈ ಮನೋವೈದ್ಯೆಯ ಹತ್ತಿರ ಹೋದದ್ದು. ಹೋದದ್ದೂ ತಡವಾಗಿಯೇ. ಆಕೆ ಗದರಲಿಲ್ಲ. "ಇಲ್ಲಿಗೆ ಮಾತ್ರ ತಡವೋ, ಎಲ್ಲ ಕಡೆಗೂನಾ?" ಎಂದು ಕೇಳಿದರು. ಎಲ್ಲ ಕಡೆಗೂ ಅಂದೆ. "ನೀವು ಹೆಣ್ಣು ಅನ್ನೋದನ್ನ ಯಾವತ್ತಾದ್ರೂ ಮರೆತಿದ್ದೀರಾ?" ಅಂದರು. ನನಗೆ ನಗು ಬಂತು. ನಕ್ಕು ಮುಗಿಯುವಷ್ಟರಲ್ಲಿ ಅಳುತ್ತಿದ್ದೆ.

ಚಿಕ್ಕಂದಿನಲ್ಲಿ ನನ್ನನ್ನು ಕಂಡವರೊಬ್ಬರ ಜೊತೆ ಮಾತಾಡಬೇಕು ಎಂದು ಡಾಕ್ಟರಮ್ಮ ಅಂದರು. ಅದಕ್ಕೇ ನಿನಗೆ ಫೋನ್. ಅಮ್ಮನಿಗೂ ಫೋನ್ ಕೊಡಿ ಎಂದು ಅವರು ಕೇಳಿದಾಗ ನೀನು, "ಅಮ್ಮ ಹೊರಗೆ ಹೋಗಿದಾರೆ," ಅಂದೆ. ನಾನು ಮನೆ ಬಿಟ್ಟಾಗಿನಿಂದ ನನ್ನೊಂದಿಗೆ ಮಾತಾಡದವಳು ಡಾಕ್ಟರಿಗೆ ತಾನೇ ಏನು ಹೇಳಿಯಾಳು ಎಂದುಕೊಂಡು, ಸ್ಪೀಕರ್ ಹಾಕಿದ್ದ ಫೋನಿನ ಪಕ್ಕದಲ್ಲೇ ಕೂತು ಕೇಳುತ್ತಿದ್ದೆ. ನೀನು ಮೊದಲು "ಅವನು" ಅಂದೆ, ತಡವರಿಸಿದೆ, "ಅವಳು" ಅಂದೆ. ನಾನು ಒಂದೇ ಕಾಲಿನ ಚಪ್ಪಲಿಯಲ್ಲಿ ಮನೆಗೆ ಬಂದದ್ದು, ಗೊಂಬೆಗೆ ಅಂಗಿ ಹೊಲಿಯುತ್ತ ಕೂತರೆ ಊಟಕ್ಕೆ ಕೂಗಿದ್ದೂ ಕೇಳದ್ದು, ಕೂತಲ್ಲಿ ಕೂರುವುದಿಲ್ಲವೆಂದು ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸಿದ್ದು, ಎಲ್ಲ ನೀನು ಹೇಳಿದೆ.

ನನ್ನದು ಎ.ಡಿ.ಎಚ್.ಡಿ. ಅಂತೆ. ಗಮನ ಹಿಡಿದು ನಿಲ್ಲಿಸಲಾಗದ, ಹುಟ್ಟಿನಿಂದ ಬಂದ ತೊಂದರೆ. ಚಿಕ್ಕಂದಿನಲ್ಲಿ ಎಲ್ಲರೂ "ಗಂಡುಹುಡುಗರೇ ಹೀಗೆ" ಅಂದರು, ಈಗ "ಗಂಡುಹೆಣ್ಣಿನ ಗೊಂದಲ" ಅಂದರು. ನಡುವೆ ಇದು ಯಾರ ಕಣ್ಣಿಗೂ ಬೀಳಲಿಲ್ಲ. ನಾನೂ ಹೆಣ್ತನ ಮುಚ್ಚಿಟ್ಟ ಹಾಗೆಯೇ ಮರೆವನ್ನೂ ಮುಚ್ಚಿಡುವುದರಲ್ಲಿ ಪಳಗಿದ್ದೆ. "ಮರೆವು ಬೇರೆ, ಮನಸ್ಸು ಬೇರೆ," ಎಂದು ಡಾಕ್ಟರಮ್ಮ ಆ ಆಸ್ಪತ್ರೆಗೆ ಬರೆದರು. ಹಾರ್ಮೋನ್ ಮತ್ತೆ ಶುರುವಾಗಿದೆ. ಗಮನಕ್ಕೂ ಬೇರೆ ಮಾತ್ರೆ ಇದೆ. ಹೋಗಬೇಕಾದ ದಿನ ಬೆಳಿಗ್ಗೆ ಆಸ್ಪತ್ರೆಯ ನರ್ಸೇ ಫೋನ್ ಮಾಡುತ್ತಾರೆ. ಒಂದು ಪರದೆ ಮುಗಿಯುವವರೆಗೆ ಯಜಮಾನಿ ಇನ್ನೊಂದನ್ನು ಕೈಗೆ ಕೊಡುವುದಿಲ್ಲ. ಎಲ್ಲವೂ ಸರಿಹೋಗಿಲ್ಲ. ನಿನ್ನೆ ಬೀಗದ ಕೈಯನ್ನು ಫ್ರಿಜ್ಜಿನಲ್ಲಿಟ್ಟು ಮನೆಯೆಲ್ಲ ಹುಡುಕಿದೆ. ಆದರೆ ನನ್ನನ್ನೇ ಬೈದುಕೊಳ್ಳಲಿಲ್ಲ.

ಇಂತಿ ನಿನ್ನ ತಂಗಿ

ತಾ.ಕ.: ಕೂತಲ್ಲಿ ಕೂರದ ಈ ಚಡಪಡಿಕೆ ಯಾವಾಗ ಶುರುವಾಯಿತು ಎಂದು ಡಾಕ್ಟರಮ್ಮ ಕೇಳಿದಾಗ ನೀನು, "ಎರಡನೇ ಕ್ಲಾಸಲ್ಲೇನೋ," ಅಂದೆಯಲ್ಲ, ಆಗ ನಿನ್ನ ಹಿಂದಿನಿಂದ ಒಂದು ದನಿ, "ಅಲ್ಲ ಕಣೇ, ನಡೆಯೋಕೆ ಕಲಿತಾಗಿಂದ ಅವಳು ಒಂದು ಕಡೆ ನಿಂತವಳೇ ಅಲ್ಲ," ಅಂದಿತು. ನನಗೆ ಕೇಳಿಸಿತೆಂದು ಅಮ್ಮನಿಗೆ ಹೇಳಬೇಡ. ಹೇಳಿದರೆ ಮುಂದಿನ ಸಲ ಎಚ್ಚರವಾಗಿ "ಅವನು" ಅಂದುಬಿಟ್ಟಾಳು.